ಕೋನ್ ಕುಣಿಯಲಿ, ಬಾಗಿಲು ಸುಮ್ಮನಿರಲಿ

ಕಾರಿಗೆ ಸ್ವಂತ ಸ್ಪೀಕರ್ ಪ್ಯಾನಲ್ ಕಟ್ಟುವವರಿಗೆ ಯಶಸ್ಸಿನ ಸೂತ್ರಗಳು

ದುಬಾರಿ ಸ್ಪೀಕರ್ ತಂದು ಬಾಗಿಲಿಗೆ ಬಿಗಿದ ಮೇಲೂ ಮೃದಂಗದ ನಾದ ಡಬ್ಬಿ ಬಡಿದ ಹಾಗೆ ಕೇಳುತ್ತಿದ್ದರೆ ಸ್ಪೀಕರನ್ನು ಬೈಯುವ ಮೊದಲು ಅದು ಕೂತಿರುವ ಜಾಗ ನೋಡಿ. ತೆಳು ತಗಡು, ಒಳಗೆ ಟೊಳ್ಳು, ನಡುವೆ ಕೈ ತೂರುವಷ್ಟು ದೊಡ್ಡ ತೂತುಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಸ್ಪೀಕರಿನ ಪೆಟ್ಟಿಗೆ ಹೇಗಿರಬಾರದೋ ಹಾಗಿರುತ್ತದೆ ಕಾರಿನ ಬಾಗಿಲು. ಅದನ್ನು ಸರಿಪಡಿಸುವುದೇ ಪ್ಯಾನಲ್ ಕೆಲಸದ ತಿರುಳು. ಅಂದಚೆಂದ ಆಮೇಲಿನ ಮಾತು. ಸಾಧಾರಣ ಬೆಲೆಯ ಸ್ಪೀಕರ್ ಗಟ್ಟಿಯಾದ, ಗಾಳಿ ಸೋರದ ಪ್ಯಾನಲ್ಲಿನಲ್ಲಿ ಕೂತರೆ ಅದರ ಎರಡರಷ್ಟು ಬೆಲೆಯ ಸ್ಪೀಕರನ್ನು ಹಿಂದೆ ಹಾಕುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಹ್ಯಾಚ್‌ಬ್ಯಾಕ್ ಕಾರಿನ ಮುಂಬಾಗಿಲಿಗೆ 6.5 ಇಂಚಿನ ಸ್ಪೀಕರ್ ಕೂರಿಸುವ ಕೆಲಸವನ್ನು ಮುಂದಿಟ್ಟುಕೊಂಡು ಈ ಸೂತ್ರಗಳನ್ನು ಬರೆದಿದ್ದೇನೆ.

1. ಮೊದಲು ಅಳತೆ, ಆಮೇಲೆ ಖರೀದಿ

ಪೆಟ್ಟಿಗೆಯ ಮೇಲೆ 6.5 ಇಂಚು ಎಂದಿದ್ದರೂ ಕೊರೆಯಬೇಕಾದ ತೂತಿನ ಅಳತೆ, ಸ್ಕ್ರೂಗಳ ನಡುವಿನ ಅಂತರ, ಹಿಂದಿನ ಆಯಸ್ಕಾಂತದ ಆಳ ಕಂಪನಿಯಿಂದ ಕಂಪನಿಗೆ ಬೇರೆ. ಇವುಗಳಲ್ಲಿ ಆಳವೇ ಮುಖ್ಯ. ಡೋರ್ ಪ್ಯಾಡ್ ಬಿಚ್ಚಿ, ಕಿಟಕಿಯ ಗಾಜನ್ನು ಪೂರ್ತಿ ಕೆಳಗಿಳಿಸಿ, ಒಳತಗಡಿನಿಂದ ಗಾಜಿನವರೆಗೆ ಎಷ್ಟು ಜಾಗವಿದೆ ಅಳೆಯಿರಿ. ಗಾಜು ಮೇಲಿದ್ದಾಗ ಅಳೆದು ಸ್ಪೀಕರ್ ಬಿಗಿದರೆ, ಮುಂದೆ ಟೋಲ್ ಗೇಟಿನಲ್ಲಿ ಗಾಜಿಳಿಸಿದ ದಿನ ಆಯಸ್ಕಾಂತಕ್ಕೆ ಗಾಜು ತಾಗುವುದು ಖಂಡಿತ. ಗಾಜು ಎತ್ತಿಳಿಸುವ ರೆಗ್ಯುಲೇಟರಿನ ಕೈಯೂ ಅದೇ ಜಾಗದಲ್ಲಿ ಓಡಾಡುತ್ತದೆ. ಅದನ್ನೂ ನೋಡಿಕೊಳ್ಳಿ.

ಸ್ಪೀಕರಿನ ಜತೆ ಬರುವ ಕಾಗದವನ್ನು ಬಿಸಾಡಬೇಡಿ. ಅದರಲ್ಲಿ ಎಫ್ಎಸ್ (ಸ್ಪೀಕರಿನ ಸಹಜ ಕಂಪನಾಂಕ), ಕ್ಯುಟಿಎಸ್ (ಕೋನಿನ ಕುಣಿತಕ್ಕೆ ಎಷ್ಟು ಕಡಿವಾಣವಿದೆ ಎಂಬುದರ ಸೂಚಕ) ಎಂಬ ಅಂಕಿಗಳಿರುತ್ತವೆ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಹೊರಟು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕಗಳಿವು. ಬಾಗಿಲಿನಂಥ ದೊಡ್ಡ ಟೊಳ್ಳಿಗೆ ಕ್ಯುಟಿಎಸ್ 0.5ಕ್ಕಿಂತ ಮೇಲಿರುವ ಸ್ಪೀಕರ್ ಸಾಮಾನ್ಯವಾಗಿ ಚೆನ್ನಾಗಿ ಒಗ್ಗುತ್ತದೆ. 0.3ರ ಆಸುಪಾಸಿನದು ಕಟ್ಟಿದ ಪೆಟ್ಟಿಗೆಯಲ್ಲಿ ಕೂರಲು ಹುಟ್ಟಿದ್ದು; ಬಾಗಿಲಿಗೆ ಹಾಕಿದರೆ ಬೇಸ್ ಬಡವಾಗುತ್ತದೆ.

2. ಕಂಪನಿ ಕೊಟ್ಟ ಡೋರ್ ಪ್ಯಾಡಿಗೆ ಗರಗಸ ಹಾಕಬೇಡಿ

ನಿಮ್ಮದೇ ಮಾಡೆಲಿನ ಹಳೆಯ ಡೋರ್ ಪ್ಯಾಡ್ ಗುಜರಿಯಲ್ಲಿ ಸಿಗುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಸುತ್ತಮುತ್ತ ವಿಚಾರಿಸಿ. ಗೀರು ಬಿದ್ದಿದ್ದರೂ ಪರವಾಗಿಲ್ಲ, ಕ್ಲಿಪ್ ಕೂರುವ ಗೂಡುಗಳು ಮುರಿಯದೆ ಇರಬೇಕು, ಅಷ್ಟೆ. ಪ್ರಯೋಗವೆಲ್ಲ ಅದರ ಮೇಲೆ ನಡೆಯಲಿ. ಅಸಲಿ ಪ್ಯಾಡನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಡಿ. ಕಾರು ಮಾರುವ ದಿನ ಅದು ಬೇಕಾಗುತ್ತದೆ.

3. ಏರ್‌ಬ್ಯಾಗಿನ ದಾರಿಗೆ ಅಡ್ಡ ಬರಬೇಡಿ

ಈ ಒಂದು ಸೂತ್ರದಲ್ಲಿ ರಿಯಾಯಿತಿ ಇಲ್ಲ. ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು; ಕೈ ಹಾಕಬೇಡಿ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಸುಮ್ಮನೆ ಕಾಯಿರಿ. ವಿಂಡ್‌ಶೀಲ್ಡ್ ಪಕ್ಕದ ಕಂಬದಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅಲ್ಲಿ ಟ್ವೀಟರಿನ ಗೂಡು ಕಟ್ಟುವ ಆಸೆ ಬಿಟ್ಟುಬಿಡಿ. ಚೀಲ ಉಬ್ಬಿ ಬರುವಾಗ ಆ ಗೂಡು ನೇರ ಮುಖಕ್ಕೆ ಹಾರುತ್ತದೆ. ಹಲವು ಹೊಸ ಕಾರುಗಳಲ್ಲಿ ಪಕ್ಕದ ಡಿಕ್ಕಿಯನ್ನು ಗುರುತಿಸಲು ಬಾಗಿಲ ಟೊಳ್ಳಿನೊಳಗಿನ ಗಾಳಿಯ ಒತ್ತಡವನ್ನು ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲಿನಲ್ಲಿ ಹೊಸ ತೂತು ಕೊರೆಯುವುದಾಗಲಿ, ಇದ್ದದ್ದನ್ನು ಮುಚ್ಚುವುದಾಗಲಿ ಸೆನ್ಸರಿನ ಲೆಕ್ಕ ತಪ್ಪಿಸಬಹುದು. ನಿಮ್ಮ ಕಾರಿನಲ್ಲಿ ಅದಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ ತಿಳಿದೇ ಮುಂದುವರಿಯಿರಿ.

4. ರಟ್ಟಿನಲ್ಲಿ ಒಮ್ಮೆ ಕಟ್ಟಿ ನೋಡಿ

ಫ್ರಿಜ್, ಟಿ.ವಿ. ಬಂದ ರಟ್ಟಿನ ಡಬ್ಬ ಸಾಕು. ಪ್ಯಾನಲ್ಲಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಟೇಪಿನಿಂದ ಅಂಟಿಸಿ, ಬಾಗಿಲು ಹಾಕಿ ಒಳಗೆ ಕೂತು ನೋಡಿ. ಮೊಣಕಾಲು ತಾಗುತ್ತದೆಯೇ? ಗಾಜಿನ ಹಿಡಿ ಪೂರ್ತಿ ತಿರುಗುತ್ತದೆಯೇ? ಸೀಟು ಮುಂದೆ ಎಳೆದಾಗ ಉಜ್ಜುತ್ತದೆಯೇ? ಡ್ಯಾಶ್‌ಬೋರ್ಡಿನ ಅಂಚಿಗೂ ನಿಮ್ಮ ಪ್ಯಾನಲ್ಲಿನ ಉಬ್ಬಿಗೂ ನಡುವೆ ಒಂದು ಬೆರಳಿನ ಸಂದಾದರೂ ಬೇಕು. ಎಡಬಾಗಿಲಿಗೆ ಸರಿಹೋದದ್ದು ತಿರುಗಿಸಿಟ್ಟರೆ ಬಲಕ್ಕೂ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸ್ವಿಚ್ಚುಗಳಿರುವ ಜಾಗ ಬಹಳ ಕಾರುಗಳಲ್ಲಿ ಎರಡೂ ಕಡೆ ಬೇರೆ.

5. ರಿಂಗಿಗೆ ಮರ ಆರಿಸುವಾಗ ಮಳೆಗಾಲ ನೆನಪಿರಲಿ

ಸ್ಪೀಕರನ್ನು ಹಿಡಿದು ನಿಲ್ಲಿಸುವ ರಿಂಗಿಗೆ 18 ಮಿಲಿಮೀಟರಿನ ಎಂಡಿಎಫ್ ಬಳಸುವವರೇ ಹೆಚ್ಚು. ಕೊರೆಯಲು ಸುಲಭ, ಅಂಚು ನುಣುಪು, ಸ್ವಂತ ಸದ್ದು ಕಡಿಮೆ. ಆದರೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ. ಬಾಗಿಲಿನ ಒಳಗೆ ನೀರು ಇಳಿಯುವುದು ಆಕಸ್ಮಿಕವಲ್ಲ. ಗಾಜಿನ ರಬ್ಬರಿನ ಪಕ್ಕದಿಂದ ಮಳೆನೀರು ಒಳಗಿಳಿದು ತಳದ ತೂತಿನಿಂದ ಹೊರಹೋಗುವ ಹಾಗೆಯೇ ಬಾಗಿಲನ್ನು ರೂಪಿಸಿರುತ್ತಾರೆ. ಮಡಿಕೇರಿ, ಆಗುಂಬೆ, ಮಂಗಳೂರಿನ ಕಡೆ ಓಡುವ ಕಾರಿಗೆ ಬರಿಯ ಎಂಡಿಎಫ್ ಹಾಕಿದರೆ ಒಂದು ಮುಂಗಾರು ಕಳೆಯುವಷ್ಟರಲ್ಲಿ ಸ್ಕ್ರೂ ಹಿಡಿತ ಬಿಡಲು ಶುರು.

ನನ್ನ ಆಯ್ಕೆ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್. ಅದಕ್ಕೂ ಕೊರೆದ ಅಂಚಿಗೆ ರೆಸಿನ್ ಎರಡು ಕೋಟು ಬಳಿಯಿರಿ. ನೀರು ಹೀರುವುದು ಅಂಚೇ. ದಪ್ಪನೆಯ ಎಚ್‌ಡಿಪಿಇ ಹಲಗೆಯೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ, ನೀರಿನ ಭಯವೇ ಇಲ್ಲ. ಆದರೆ ಅದಕ್ಕೆ ಸಾಮಾನ್ಯ ಅಂಟು ಹಿಡಿಯುವುದಿಲ್ಲ, ಸ್ಕ್ರೂ ಮತ್ತು ಬೋಲ್ಟಿನಿಂದಲೇ ಬಿಗಿಯಬೇಕು.

ರಿಂಗ್ ದಪ್ಪವಿದ್ದಾಗ ಅದರ ಹಿಂಬದಿಯ ಒಳ ಅಂಚನ್ನು ಓರೆಯಾಗಿ ತೆಗೆಯಿರಿ. ಕೋನಿನ ಹಿಂದಿನ ಗಾಳಿಗೆ ಓಡಾಡಲು ಜಾಗ ಬೇಕು. ನೇರ ಗೋಡೆಯ ಕಿರು ಸುರಂಗದಲ್ಲಿ ಸ್ಪೀಕರಿಗೆ ಉಸಿರು ಕಟ್ಟುತ್ತದೆ, ಹಾಡುವವರ ದನಿ ಮಂಕಾಗುತ್ತದೆ. ಸ್ಪೀಕರನ್ನು ಮರದ ಸ್ಕ್ರೂ ಬದಲು ಟಿ-ನಟ್ ಮತ್ತು ಬೋಲ್ಟಿನಿಂದ ಬಿಗಿದರೆ ಎಷ್ಟು ಸಲ ಬಿಚ್ಚಿದರೂ ತೂತು ಸಡಿಲವಾಗದು.

6. ಬಾಗಿಲನ್ನೇ ಪೆಟ್ಟಿಗೆ ಮಾಡಿ

ಕೋನ್ ಮುಂದಕ್ಕೆ ತಳ್ಳಿದ ಕ್ಷಣದಲ್ಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧ. ಎರಡೂ ಒಂದೆಡೆ ಸೇರಿದರೆ ಪರಸ್ಪರ ಅಳಿಸಿಹಾಕುತ್ತವೆ. 100 ಹರ್ಟ್ಜ್‌ನ ಅಲೆಯ ಉದ್ದ ಸುಮಾರು 3.4 ಮೀಟರ್, ಅಷ್ಟು ದೊಡ್ಡ ಅಲೆಗೆ ಬಾಗಿಲ ತೂತಿನ ಮೂಲಕ ಸುತ್ತಿ ಮುಂದೆ ಬರುವುದು ಎಷ್ಟರ ಕೆಲಸ? ಬೇಸ್ ಮಾಯವಾಗುವುದು ಹೀಗೆ. ಆಂಪ್ಲಿಫೈಯರ್ ಬದಲಿಸಿದರೂ ಅದು ಮರಳುವುದಿಲ್ಲ.

ಆದ್ದರಿಂದ, 3ನೇ ಸೂತ್ರದಲ್ಲಿ ಹೇಳಿದ ಒತ್ತಡದ ಸೆನ್ಸರ್ ಇಲ್ಲದ ಬಾಗಿಲಾದರೆ, ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಬೇಕು. ತೆಳು ಪ್ಲಾಸ್ಟಿಕ್ ಹಾಳೆಗೆ ಡ್ಯಾಂಪಿಂಗ್ ಶೀಟ್ ಮೆತ್ತಿ ಮುಚ್ಚಿದೆವೆಂದು ಸಮಾಧಾನಪಟ್ಟುಕೊಂಡರೆ ಆ ಹಾಳೆಯೇ ಇನ್ನೊಂದು ಕೋನ್ ಆಗಿ ಕುಣಿಯುತ್ತದೆ. ಒಂದೂವರೆ ಮಿಲಿಮೀಟರಿನ ಅಲ್ಯೂಮಿನಿಯಂ ತಗಡನ್ನು ತೂತಿಗಿಂತ ಸುತ್ತಲೂ 2 ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಬ್ಯೂಟೈಲ್ ಟೇಪ್ ಕೊಟ್ಟು ಸ್ಕ್ರೂನಿಂದ ಬಿಗಿಯಿರಿ. ಸ್ಕ್ರೂ ಏಕೆಂದರೆ, ನಾಳೆ ಪವರ್ ವಿಂಡೋ ಕೆಟ್ಟರೆ ಮೆಕ್ಯಾನಿಕ್ ಕೈ ಹಾಕುವುದು ಇದೇ ತೂತಿನಿಂದ. ಎಲ್ಲವನ್ನೂ ಅಂಟಿಸಿಬಿಟ್ಟಿದ್ದರೆ ಆತ ಕಿತ್ತೇ ಕೀಳುತ್ತಾನೆ, ನಿಮ್ಮ ಶ್ರಮ ಮಣ್ಣುಪಾಲು.

ಹೊರತಗಡಿನ ಒಳಮೈಗೆ 2 ಮಿಲಿಮೀಟರಿನ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ. ಪೂರ್ತಿ ಹೊದಿಸಬೇಕಾಗಿಲ್ಲ, ದೊಡ್ಡ ಸಪಾಟು ಜಾಗಗಳ ನಡುವೆ, ಒಟ್ಟು ಮೈಯ ಕಾಲು ಭಾಗದಿಂದ ಅರ್ಧ ಭಾಗದವರೆಗೆ ಹಾಕಿದರೂ ಕಂಪನ ಚೆನ್ನಾಗಿ ತಗ್ಗುತ್ತದೆ. ಸ್ಪೀಕರಿನ ನೇರ ಹಿಂದಿನ ಜಾಗವನ್ನು ಮಾತ್ರ ಬಿಡಬೇಡಿ. ಮೊದಲು ತಿನ್ನರಿನಿಂದ ತಗಡಿನ ಜಿಡ್ಡು ಒರೆಸಿ, ಶೀಟಿಟ್ಟು ಉರುಳೆಯಿಂದ ಅದರ ಅಲ್ಯೂಮಿನಿಯಂ ಪದರದ ಮೇಲಿನ ಉಬ್ಬುಚಿತ್ತಾರ ಅಳಿಯುವವರೆಗೆ ಒತ್ತಿ. ಚಿತ್ತಾರ ಅಳಿಯಿತೆಂದರೆ ಶೀಟು ಹಿಡಿಯಿತೆಂದು ಲೆಕ್ಕ. ಅಗ್ಗಕ್ಕೆ ಸಿಗುವ ಟಾರು ಶೀಟಿನ ಗೊಡವೆಗೆ ಹೋಗಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆಗೆ ಅದು ಮೆತ್ತಗಾಗಿ ಜಾರುತ್ತದೆ, ಕಾರೆಲ್ಲ ಟಾರಿನ ವಾಸನೆ. ಕೆಲಸ ಸರಿಯಾಗಿದೆಯೇ ತಿಳಿಯಲು ಸ್ಟೀರಿಯೋ ಹಚ್ಚಬೇಕಾಗಿಲ್ಲ. ಬಾಗಿಲು ಹಾಕಿ: ಮೊದಲಿನ 'ಠಣ್' ಹೋಗಿ ದಪ್ಪನೆಯ 'ಧಬ್' ಬಂದಿರುತ್ತದೆ.

7. ನೀರಿನ ದಾರಿ ಮುಚ್ಚಬೇಡಿ

ಬಾಗಿಲ ತಳದ ತೂತುಗಳು ತೆರೆದೇ ಇರಲಿ. ಒಳಗೆ ಸ್ಪಂಜು, ಬಟ್ಟೆ ತುರುಕಬೇಡಿ. ನೀರು ಹೀರದ ಫೋಮ್ ಮಾತ್ರ ಬಳಸಿ. ಕಂಪನಿ ಹಾಕಿರುವ ಪ್ಲಾಸ್ಟಿಕ್ ಪರದೆಯನ್ನು ಹರಿದರೆ ಅದರ ಕೆಲಸವನ್ನು ಬೇರೆ ಯಾವುದಾದರೂ ಹೊದಿಕೆ ಮಾಡಲೇಬೇಕು, ಇಲ್ಲವಾದರೆ ಕಾಲಡಿಯ ಮ್ಯಾಟ್ ಒದ್ದೆ.

8. ಸ್ಪೀಕರ್ ನೋಡಬೇಕಾದ್ದು ಮೊಣಕಾಲನ್ನಲ್ಲ

6.5 ಇಂಚಿನ ಸ್ಪೀಕರ್ ಸುಮಾರು 2,500 ಹರ್ಟ್ಜ್ ದಾಟಿದ ಮೇಲೆ ಸದ್ದನ್ನು ತನ್ನ ಮೂತಿಯ ನೇರಕ್ಕೇ ಹೆಚ್ಚು ಚೆಲ್ಲುತ್ತದೆ. ಹಾಗಾಗಿ ಸ್ವಂತ ಪ್ಯಾನಲ್ ಕಟ್ಟುವ ದೊಡ್ಡ ಲಾಭವೇ ಕೋನ್ ನೋಡುವ ದಿಕ್ಕನ್ನು ನಾವೇ ನಿರ್ಧರಿಸಬಹುದು ಎನ್ನುವುದು. ರಿಂಗನ್ನು ಸ್ವಲ್ಪ ಮೇಲಕ್ಕೆ, ಸ್ವಲ್ಪ ಒಳಕ್ಕೆ, ಎರಡು ಸೀಟುಗಳ ನಡುವಿನ ಜಾಗದ ಕಡೆಗೆ ತಿರುಗಿಸಿ. ನೇರವಾಗಿ ಚಾಲಕರ ಕಿವಿಗೆ ಗುರಿಯಿಟ್ಟರೆ ಪಕ್ಕದಲ್ಲಿ ಕೂತವರಿಗೆ ಅನ್ಯಾಯ. ಟ್ವೀಟರ್ ಬೇರೆಯಾಗಿದ್ದರೆ ಕನ್ನಡಿಯ ಒಳಬದಿಯ ತ್ರಿಕೋನದಲ್ಲಿ ಕೂರಿಸಿ. ಸಂಗೀತ ಡ್ಯಾಶ್‌ಬೋರ್ಡಿನ ಮೇಲೆ ಎದ್ದು ನಿಲ್ಲುತ್ತದೆ. ಎರಡು ಸ್ಪೀಕರುಗಳಿಂದ ಕಿವಿಗಿರುವ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಸದ್ದು ಒಂದು ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ. ಇದನ್ನು ಸ್ಟೀರಿಯೋದ ಟೈಮ್ ಅಲೈನ್‌ಮೆಂಟ್‌ನಲ್ಲಿ ಸರಿಪಡಿಸಬಹುದು. ದಿಕ್ಕು ತಪ್ಪಿದ್ದನ್ನು ಯಾವ ಸೆಟ್ಟಿಂಗೂ ಪೂರ್ತಿ ಸರಿಪಡಿಸದು.

9. ಆಕಾರ ಕೊಡುವುದು ಬಟ್ಟೆ, ಬಲ ಕೊಡುವುದು ಫೈಬರ್

ರಿಂಗನ್ನು ಬೇಕಾದ ಓರೆಗೆ ಮರದ ಚೂರುಗಳಿಂದ ನಿಲ್ಲಿಸಿದಿರಿ. ಈಗ ರಿಂಗಿನಿಂದ ಡೋರ್ ಪ್ಯಾಡಿನವರೆಗೆ ಫ್ಲೀಸ್ ಬಟ್ಟೆಯನ್ನು ಎಳೆದು ಸ್ಟೇಪಲ್ ಹೊಡೆಯಿರಿ. ಹಳೆಯ ಟೀ-ಶರ್ಟಿನ ಬಟ್ಟೆಯೂ ಆಗುತ್ತದೆ, ಆದರೆ ಫ್ಲೀಸ್ ಹೆಚ್ಚು ರೆಸಿನ್ ಕುಡಿದು ಹೆಚ್ಚು ಗಟ್ಟಿಯಾಗುತ್ತದೆ. ಎದುರುಬದುರಾಗಿ ಎಳೆಯುತ್ತಾ ಹೋಗಿ: ಮೇಲೆ ಒಂದು ಸ್ಟೇಪಲ್, ಕೆಳಗೆ ಒಂದು, ಎಡಕ್ಕೆ, ಬಲಕ್ಕೆ. ಒಂದೇ ಕಡೆಯಿಂದ ಸುತ್ತುತ್ತಾ ಬಂದರೆ ಕೊನೆಯಲ್ಲಿ ನೆರಿಗೆ ನಿಲ್ಲುತ್ತದೆ, ಆ ನೆರಿಗೆ ರೆಸಿನ್ ಕುಡಿದು ಕಲ್ಲಾಗುತ್ತದೆ.

ರೆಸಿನ್ ಬಳಿದಾಗ ಬಟ್ಟೆ ಮೊದಲು ಮಬ್ಬಾಗಿರುತ್ತದೆ, ಪೂರ್ತಿ ಹೀರಿದ ಮೇಲೆ ಬಣ್ಣ ಗಾಢವಾಗಿ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಎಲ್ಲಿ ಮಬ್ಬು ಉಳಿದಿದೆಯೋ ಅಲ್ಲಿ ಒಳಗೆ ಒಣಬಟ್ಟೆಯಿದೆ ಎಂದರ್ಥ. ಬ್ರಷ್ಷಿನ ತುದಿಯಿಂದ ಚುಚ್ಚಿ ಚುಚ್ಚಿ ಕುಡಿಸಿ. ಗಟ್ಟಿಯಾದ ಮೇಲೆ ಹಿಂಬದಿಯಿಂದ 450 ಜಿಎಸ್‌ಎಂ ಫೈಬರ್ ಮ್ಯಾಟಿನ ಎರಡು ಮೂರು ಪದರ ಕೊಡಿ. ಮುಂದಿನ ಬಟ್ಟೆ ಆಕಾರಕ್ಕೆ ಮಾತ್ರ. ಬಲವೆಲ್ಲ ಈ ಹಿಂದಿನ ಪದರಗಳದ್ದು. ಇಲ್ಲಿ ಜಿಪುಣತನ ಮಾಡಿದ ಪ್ಯಾನಲ್ ನೋಡಲು ಚೆನ್ನಾಗಿರುತ್ತದೆ, ವಾಲ್ಯೂಮ್ ಏರಿಸಿದೊಡನೆ ನಡುಗುತ್ತದೆ. ಮಾಡಿದ ಮೇಲೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಎಲ್ಲ ಕಡೆಯೂ ಮರ ಬಡಿದ ಸದ್ದೇ ಬರಬೇಕು. ಒಂದು ಕಡೆ ಟೊಳ್ಳು ಕೇಳಿದರೆ ಅಲ್ಲಿಗೆ ಇನ್ನೊಂದು ತುಂಡು ಮ್ಯಾಟ್.

ಥರ್ಮೋಕೋಲಿನಲ್ಲಿ ಅಚ್ಚು ಮಾಡುವವರು ಅದಕ್ಕೆ ಮೊದಲು ಟೇಪ್ ಸುತ್ತಿಕೊಳ್ಳಿ, ಪಾಲಿಯೆಸ್ಟರ್ ರೆಸಿನ್ ಥರ್ಮೋಕೋಲನ್ನು ಕರಗಿಸಿಬಿಡುತ್ತದೆ.

10. ರೆಸಿನ್ ಜತೆ ಹುಡುಗಾಟ ಬೇಡ

ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ಪಾಲಿಯೆಸ್ಟರ್ ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ. ಆಮೇಲೆ, ಬಳಿಯುವ ಮುಂಚೆ, ಹಾರ್ಡ್ನರ್ ಹಾಕಿ. ಕೋಬಾಲ್ಟ್ ಮತ್ತು ಹಾರ್ಡ್ನರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಎರಡೂ ಬಾಟಲಿಗಳನ್ನು ಒಂದೇ ಡಬ್ಬದಲ್ಲಿ ಇಡಬೇಡಿ. ಕೆಲವು ಅಂಗಡಿಗಳಲ್ಲಿ ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಕೊಡುತ್ತಾರೆ. ಕೇಳಿ ತಿಳಿದುಕೊಂಡು ತನ್ನಿ. ಹಾರ್ಡ್ನರ್ ಶೇ 1ರಿಂದ 2ರಷ್ಟು ಸಾಕು. ಏಪ್ರಿಲ್-ಮೇ ಸೆಕೆಯಲ್ಲಿ ಶೇ 1ಕ್ಕೇ ನಿಲ್ಲಿಸಿ, ಒಂದು ಸಲಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಕಲಸಬೇಡಿ. ಲೋಟ ಬಿಸಿಯಾಗುತ್ತಿದೆ ಎನಿಸಿದರೆ ಹೊರಗೆ ಮಣ್ಣಿನ ಮೇಲಿಡಿ.

ಕೆಲಸ ತೆರೆದ ಜಾಗದಲ್ಲಿ ನಡೆಯಲಿ. ಮೂಗಿಗೆ ಕರ್ಚೀಫು ಕಟ್ಟಿದರೆ ರೆಸಿನ್ನಿನ ಆವಿ ತಡೆಯುವುದಿಲ್ಲ. ಕಾರ್ಟ್ರಿಡ್ಜ್ ಇರುವ ರಾಸಾಯನಿಕ ಮಾಸ್ಕ್, ಕೈಗವಸು, ಕನ್ನಡಕ ಬೇಕೇ ಬೇಕು. ಗಟ್ಟಿಯಾದ ಫೈಬರನ್ನು ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಕೆಟ್ಟದ್ದು. ತುಂಬು ತೋಳಿನ ಅಂಗಿ ಹಾಕಿ, ಆಮೇಲೆ ತಣ್ಣೀರಿನಲ್ಲಿ ಕೈ ತೊಳೆಯಿರಿ.

11. ಪ್ಲಾಸ್ಟಿಕ್ ಯಾವುದೆಂದು ಹಿಂದೆ ಬರೆದಿರುತ್ತದೆ

ಡೋರ್ ಪ್ಯಾಡಿನ ಬೆನ್ನು ತಿರುಗಿಸಿ ನೋಡಿದರೆ ಪಿಪಿ ಅಥವಾ ಎಬಿಎಸ್ ಎಂಬ ಅಚ್ಚೊತ್ತು ಇರುತ್ತದೆ. ಎಬಿಎಸ್ ಆದರೆ ಒರಟಾಗಿ ಉಜ್ಜಿ ರೆಸಿನ್ ಹಚ್ಚಬಹುದು. ಪಿಪಿಗೆ ರೆಸಿನ್ ನಿಲ್ಲುವುದಿಲ್ಲ, ಒಣಗಿದ ಮೇಲೆ ಸಿಪ್ಪೆಯಾಗಿ ಏಳುತ್ತದೆ. ಅದಕ್ಕೆ ಅಂಚಿನುದ್ದಕ್ಕೂ ಸಣ್ಣ ತೂತು ಕೊರೆದು ರೆಸಿನ್ ಎರಡೂ ಬದಿ ಹರಿದು ಕಚ್ಚಿಕೊಳ್ಳುವ ಹಾಗೆ ಮಾಡಿ, ಜತೆಗೆ ಸ್ಕ್ರೂ ಕೊಡಿ.

12. ಪುಟ್ಟಿ ತೆಳ್ಳಗೆ, ಉಜ್ಜುವುದು ಧಾರಾಳ

ಟಿಂಕರಿಂಗ್ ಶೆಡ್ಡಿನವರು ಬಳಸುವ ಪಾಲಿಯೆಸ್ಟರ್ ಪುಟ್ಟಿಯೇ ಇಲ್ಲಿಗೂ ಸಾಕು. ತಗ್ಗು ತುಂಬಲು ದಪ್ಪಗೆ ಮೆತ್ತಬೇಡಿ. ದಪ್ಪ ಪುಟ್ಟಿ ಬಾಗಿಲ ಹೊಡೆತಕ್ಕೆ ಬಿರಿಯುತ್ತದೆ. 80ರ ಉಪ್ಪುಕಾಗದದಿಂದ ಆಕಾರ, 120, 220ರಿಂದ ನುಣುಪು. ಸಪಾಟು ಜಾಗಕ್ಕೆ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಗುಂಟ ಅಲೆ ಮೂಡುತ್ತದೆ. ಪೇಂಟ್ ಹೊಡೆಯುವುದಾದರೆ ಪ್ರೈಮರ್ ಮೇಲೆ ಕರಿ ಬಣ್ಣವನ್ನು ಹಗುರವಾಗಿ ಸಿಂಪಡಿಸಿ 320, 400ರ ವಾಟರ್ ಪೇಪರಿನಿಂದ ಉಜ್ಜಿ. ಕಪ್ಪು ಉಳಿದಲ್ಲೆಲ್ಲ ತಗ್ಗಿದೆ. ಕಣ್ಣು ಮುಚ್ಚಿ ಅಂಗೈ ಆಡಿಸಿದರೂ ಗೊತ್ತಾಗುತ್ತದೆ; ಈ ಕೆಲಸದಲ್ಲಿ ಅಂಗೈ ಕಣ್ಣಿಗಿಂತ ಚುರುಕು.

13. ರೆಕ್ಸಿನ್ ಹೊದಿಸುವಾಗ ಅವಸರವೇ ಶತ್ರು

ರೆಕ್ಸಿನ್‌ನಲ್ಲಿ ಎರಡು ಬಗೆ. ಸೀಟಿಗೆ ಹೊಲಿಯುವ ದಪ್ಪನೆಯದು ಉಬ್ಬುತಗ್ಗಿಗೆ ಬಗ್ಗುವುದಿಲ್ಲ. ನಾಲ್ಕೂ ಕಡೆ ಎಳೆದರೆ ಹಿಗ್ಗುವಂಥದ್ದನ್ನು ಕೇಳಿ ತನ್ನಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಸಿ 60 ಡಿಗ್ರಿ ದಾಟಬಹುದು, ಸಾಮಾನ್ಯ ಅಂಟು ಆ ಶಾಖಕ್ಕೆ ಬಿಡುತ್ತದೆ. ಶಾಖ ತಡೆಯುವ ಕಾಂಟ್ಯಾಕ್ಟ್ ಅಂಟನ್ನೇ ಆರಿಸಿ. ಪ್ಯಾನಲ್ಲಿಗೂ ರೆಕ್ಸಿನ್ ಬೆನ್ನಿಗೂ ಎರಡಕ್ಕೂ ಹಚ್ಚಿ, ಗೆಣ್ಣು ತಾಗಿಸಿದರೆ ಅಂಟದಷ್ಟು ಆರುವವರೆಗೆ ಕಾಯಿರಿ. ಹಸಿಯಾಗಿರುವಾಗಲೇ ಹೊದಿಸಿದರೆ ಒಳಗೆ ಸಿಕ್ಕಿಕೊಂಡ ಆವಿ ಬಿಸಿಲಿಗೆ ಗುಳ್ಳೆಯಾಗಿ ಏಳುತ್ತದೆ.

ತಗ್ಗಿನಿಂದ ಶುರುಮಾಡಿ ಉಬ್ಬಿನ ಕಡೆಗೆ ಹೋಗಿ. ಉಬ್ಬಿನಿಂದ ಶುರುಮಾಡಿದರೆ ತಗ್ಗಿನ ಮೇಲೆ ರೆಕ್ಸಿನ್ ಸೇತುವೆ ಕಟ್ಟಿಕೊಂಡು ನಿಲ್ಲುತ್ತದೆ, ಎರಡು ದಿನಕ್ಕೆ ಎದ್ದು ಬರುತ್ತದೆ. ಹೀಟ್ ಗನ್ ಇಲ್ಲದಿದ್ದರೆ ತಲೆಗೂದಲು ಒಣಗಿಸುವ ಡ್ರೈಯರ್ ಸಾಕು. ಬಿಸಿ ಮಾಡಿ, ಎಳೆದು, ತಣ್ಣಗಾಗುವವರೆಗೆ ಒತ್ತಿ ಹಿಡಿಯಿರಿ. ಸ್ಪೀಕರಿನ ತೂತಿನಲ್ಲಿ ರೆಕ್ಸಿನ್ನನ್ನು ಹಲಸಿನ ತೊಳೆಯಷ್ಟಗಲದ ಪಟ್ಟಿಗಳಾಗಿ ಸೀಳಿ ಹಿಂದಕ್ಕೆ ಮಡಚಿ. ಸೀಳು ಅಂಚಿಗೆ ತಲುಪುವ ಮೊದಲೇ ಕತ್ತರಿ ನಿಲ್ಲಲಿ. ಹೊರ ಅಂಚಿನಲ್ಲಿ ಮಡಿಸಲು 2 ಸೆಂಟಿಮೀಟರಿಗೂ ಹೆಚ್ಚು ಬಿಡಿ. ಒಂದರೊಳಗೊಂದು ಕೂರುವ ತುಂಡುಗಳಿದ್ದರೆ ರೆಕ್ಸಿನ್ ದಪ್ಪಕ್ಕೆ ಸುತ್ತಲೂ 2 ಮಿಲಿಮೀಟರ್ ಸಂದನ್ನು ಮರ ಕೊರೆಯುವಾಗಲೇ ಇಟ್ಟುಕೊಂಡಿರಬೇಕು. ಹೊದಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಈ ಒಂದು ಹಂತಕ್ಕೆ ಸೀಟ್ ಕವರ್ ಹೊಲಿಯುವ ಅನುಭವಿಯೊಬ್ಬರ ಪಕ್ಕದಲ್ಲಿ ಅರ್ಧ ದಿನ ನಿಂತು ನೋಡಿ ಬನ್ನಿ. ಅವರ ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಬರಹದಲ್ಲಿ ಕಲಿಸಲು ಆಗದು.

14. ಜಾಲರಿ ಸ್ಪೀಕರಿಗೆ ತಾಗಬಾರದು

ಕೋನ್ ಮುಂದೆ ಬಂದಾಗ ಅದರ ರಬ್ಬರ್ ಅಂಚಿಗೂ ಜಾಲರಿಗೂ ನಡುವೆ ಒಂದು ಸೆಂಟಿಮೀಟರಾದರೂ ಉಳಿಯಲಿ. ತೂತು ದೊಡ್ಡದಿರುವ, ಗಟ್ಟಿ ತಗಡಿನ ಜಾಲರಿ ಒಳ್ಳೆಯದು.

15. ವೈರಿಗೂ ಗೌರವ ಕೊಡಿ

ಕಂಪನಿಯ ವೈರ್ ಕತ್ತರಿಸಬೇಡಿ. ಆ ಮಾಡೆಲಿಗೆ ಹೊಂದುವ ಕಪ್ಲರ್ ಸಿಗುತ್ತದೆ. ಹೊಸ ವೈರನ್ನು ಬಾಗಿಲು ಮತ್ತು ಬಾಡಿಯ ನಡುವಿನ ರಬ್ಬರ್ ಕೊಳವೆಯೊಳಗಿಂದಲೇ ತನ್ನಿ. ಬರಿಯ ತಗಡಿನ ತೂತಿನಿಂದ ಎಳೆದರೆ ಬಾಗಿಲು ತೆಗೆದು ಹಾಕುವಾಗಲೆಲ್ಲ ಅಂಚು ಕೊಯ್ಯುತ್ತದೆ. ಆಂಪ್ಲಿಫೈಯರ್ ಹಾಕುವವರು ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ ಫ್ಯೂಸ್ ಹಾಕಲೇಬೇಕು. ಪ್ಲಸ್ ಯಾವುದೆಂದು ಅನುಮಾನ ಬಂದರೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ತಾಗಿಸಿ: ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಸ್ಪೀಕರಿನ ಪ್ಲಸ್. ಒಂದು ಬಾಗಿಲಲ್ಲಿ ಅದಲುಬದಲಾದರೂ ಎರಡೂ ಸ್ಪೀಕರುಗಳ ಬೇಸ್ ಒಂದನ್ನೊಂದು ಅಳಿಸುತ್ತದೆ.

16. ಹ್ಯಾಚ್‌ಬ್ಯಾಕಿನ ಹಿಂದಿನ ಟ್ರೇ ಬಗ್ಗೆ ಒಂದು ಮಾತು

ಹಿಂದಿನ ಪಾರ್ಸೆಲ್ ಟ್ರೇಯಲ್ಲಿ 6x9 ಇಂಚಿನ ಮೊಟ್ಟೆಯಾಕಾರದ ಜೋಡಿ ಕೂರಿಸುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಸೆಡಾನಿನಲ್ಲಿ ಆ ಜಾಗ ಬಾಡಿಯ ತಗಡು, ಕೆಳಗಿನ ಡಿಕ್ಕಿಯೇ ಪೆಟ್ಟಿಗೆ. ಹ್ಯಾಚ್‌ಬ್ಯಾಕಿನಲ್ಲಿ ಅದು ಬರೀ ಸಿಕ್ಕಿಸಿಟ್ಟ ಹಲಗೆ. ಜೋರಾಗಿ ಬ್ರೇಕ್ ಹಾಕಿದರೆ ಆಯಸ್ಕಾಂತದ ಭಾರ ಹೊತ್ತ ಆ ಹಲಗೆ ಹಿಂದೆ ಕೂತ ಮಕ್ಕಳ ತಲೆಯ ಕಡೆಗೇ ಬರುತ್ತದೆ. ಹಾಕಲೇಬೇಕೆಂದರೆ ಪ್ಲೈವುಡ್ ಟ್ರೇಯನ್ನು ಬಾಡಿಗೆ ಬೋಲ್ಟಿನಿಂದ ಬಿಗಿಯಿರಿ. ನನ್ನನ್ನು ಕೇಳಿದರೆ ಆ ಹಣವನ್ನೂ ಮುಂಬಾಗಿಲಿಗೇ ಹಾಕಿ ಎನ್ನುತ್ತೇನೆ.

17. ಕೊನೆಗೆ ಗಡಗಡವನ್ನು ಬೇಟೆಯಾಡಿ

ಮೊಬೈಲಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, 40 ಹರ್ಟ್ಜ್‌ನಿಂದ 300ರವರೆಗೆ ನಿಧಾನವಾಗಿ ಏರಿಸುತ್ತಾ ಹೋಗಿ. ವಾಲ್ಯೂಮ್ ಮಧ್ಯಮ ಸಾಕು. ಎಲ್ಲಾದರೂ ಗಿರ್ ಎಂದರೆ ಅಲ್ಲೇ ನಿಲ್ಲಿಸಿ, ಅಂಗೈಯಿಂದ ಒಂದೊಂದೇ ಜಾಗ ಒತ್ತಿ ನೋಡಿ. ಒತ್ತಿದಾಗ ನಿಂತರೆ ಕಳ್ಳ ಸಿಕ್ಕ. ಡೋರ್ ಪ್ಯಾಡಿನ ಕ್ಲಿಪ್ಪುಗಳಿಗೆ ಫೋಮಿನ ಸಣ್ಣ ಉಂಗುರ ಹಾಕಿ. ಲಾಕ್ ಸರಳು ತಗಡಿಗೆ ತಾಗುತ್ತಿದ್ದರೆ ಸುತ್ತ ಫೋಮ್ ಟೇಪ್ ಸುತ್ತಿ. ಬಾಗಿಲೊಳಗೆ ಜೋತಾಡುವ ವೈರನ್ನು ಕಟ್ಟಿಹಾಕಿ. ಬಾಗಿಲು ಪೂರ್ತಿ ಶಾಂತವಾದ ಮೇಲೂ ಸದ್ದು ಉಳಿದರೆ ಬಾಗಿಲಿನ ಜೇಬಿನ ಚಿಲ್ಲರೆ, ಸನ್ ವೈಸರ್, ಹಿಂದಿನ ನಂಬರ್ ಪ್ಲೇಟ್, ಈ ಮೂರನ್ನೂ ನೋಡಿ. ಮೊದಲ ದೊಡ್ಡ ಮಳೆ ಬಂದ ಮರುದಿನ ಡೋರ್ ಪ್ಯಾಡನ್ನು ಇನ್ನೊಮ್ಮೆ ಬಿಚ್ಚಿ, ರಿಂಗಿನ ಕೆಳ ಅಂಚು ಒಣಗಿದೆಯೇ, ತಳದ ತೂತುಗಳಿಂದ ನೀರು ಇಳಿದಿದೆಯೇ ಎಂದು ಬೆರಳಿಟ್ಟು ನೋಡಿ. ಒದ್ದೆ ಸಿಕ್ಕರೆ ಬ್ಯೂಟೈಲ್ ಟೇಪಿನ ತುಂಡೊಂದು ಎಲ್ಲಿ ಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ.